ಜಿನೀವಾದ ಕಟಕಟೆಯಲ್ಲಿ ಹುನ್ನೂರಿನ ಕಬ್ಬು

2021ರ ಡಿಸೆಂಬರ್ 14, ಮಂಗಳವಾರ. ಜಮಖಂಡಿ ಸೀಮೆಯಲ್ಲಿ ಕಬ್ಬಿನ ಹಂಗಾಮು ಭರಾಟೆಯಲ್ಲಿದ್ದ ದಿನಗಳು. ಹಂಗಾಮು ಬಂತೆಂದರೆ ಹುನ್ನೂರಿನ ಆಸುಪಾಸಿನ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳದ್ದೇ ರಾಜ್ಯ. ಅವುಗಳ ಹಿಂದೆ ಹಾರ್ನ್ ಒತ್ತಿ ಒತ್ತಿ ಸೋತ ಬಸ್ಸುಗಳು. ಅದೇ ಮಂಗಳವಾರ ಜಿನೀವಾದಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ವ್ಯಾಜ್ಯ ಸಮಿತಿಯ ವರದಿ ಹೊರಬಿತ್ತು. ಫಿರ್ಯಾದಿಗಳು ಬ್ರೆಜಿಲ್, ಆಸ್ಟ್ರೇಲಿಯಾ ಮತ್ತು ಗ್ವಾಟೆಮಾಲಾ. ಪ್ರತಿವಾದಿ ಭಾರತ. ತಂಟೆ ಕಬ್ಬಿನದು.

ಭಾರತ ಆರ್ಥಿಕ ಶಕ್ತಿಯಾಗಿ ಏಳುತ್ತಿದೆ, ಲೋಕದ ನಾಯಕರೆಲ್ಲ ಬಾಗಿಲು ತಟ್ಟುತ್ತಿದ್ದಾರೆ ಎಂದು ಬರೆಯುವಾಗ ಪತ್ರಿಕೆಗಳು ಹಾಕುವ ಚಿತ್ರ ಬೆಂಗಳೂರಿನದು. 2000ದಲ್ಲಿ ಜಪಾನಿನ ಪ್ರಧಾನಿ ಮೋರಿ, 2002ರಲ್ಲಿ ಚೀನಾದ ಝು ರೊಂಗ್‌ಜಿ ಮತ್ತು ಬ್ರಿಟನ್ನಿನ ಟೋನಿ ಬ್ಲೇರ್, 2015ರಲ್ಲಿ ಜರ್ಮನಿಯ ಮರ್ಕೆಲ್. ಹೂಗುಚ್ಛ, ಗಾಜಿನ ಕಟ್ಟಡ, ಕೈಕುಲುಕಾಟ. ಆ ಚಿತ್ರಗಳಲ್ಲಿ ಸುಳ್ಳೇನೂ ಇಲ್ಲ. ಆದರೆ ದೊಡ್ಡದಾಗುತ್ತಿರುವ ದೇಶವೊಂದರ ಜೊತೆ ಸರ್ಕಾರಗಳೂ ಕಂಪನಿಗಳೂ ನಿಜಕ್ಕೂ ಹೇಗೆ ವ್ಯವಹರಿಸುತ್ತವೆ ಎಂಬುದನ್ನು ನೋಡಬೇಕಿದ್ದರೆ ಬೆಂಗಳೂರಿಗಿಂತ ಜಮಖಂಡಿ-ಮುಧೋಳದ ಕಬ್ಬಿನ ಗದ್ದೆ ಒಳ್ಳೆಯ ಜಾಗ ಎಂದು ನನ್ನ ಅಂಬೋಣ. ಸಕ್ಕರೆಯ ವಿಷಯದಲ್ಲಿ ಭಾರತ ಇನ್ನು ಏಳಬೇಕಾದ್ದಿಲ್ಲ, ಆಗಲೇ ಎದ್ದು ಕೂತಿದೆ. ಜಗತ್ತಿನಲ್ಲಿ ಅತಿ ಹೆಚ್ಚು ಸಕ್ಕರೆ ತಿನ್ನುವ ದೇಶ ನಮ್ಮದು. 2021-22ರ ಹಂಗಾಮಿನಲ್ಲಿ ಬ್ರೆಜಿಲನ್ನೂ ಹಿಂದೆ ಹಾಕಿ ಅತಿ ಹೆಚ್ಚು ಸಕ್ಕರೆ ತಯಾರಿಸಿತು. ರಾಜ್ಯಗಳ ಸಾಲಿನಲ್ಲಿ ಉತ್ತರ ಪ್ರದೇಶ, ಮಹಾರಾಷ್ಟ್ರಗಳ ನಂತರ ಕರ್ನಾಟಕ. ಕರ್ನಾಟಕದೊಳಗೆ ಬೆಳಗಾವಿ, ಬಾಗಲಕೋಟೆ.

ಫಿರ್ಯಾದಿನ ಹುರುಳು ಇಷ್ಟು: ಕೇಂದ್ರ ಸರ್ಕಾರ ಪ್ರತಿ ವರ್ಷ ಕಬ್ಬಿಗೆ ಎಫ್‌ಆರ್‌ಪಿ, ಅಂದರೆ ನ್ಯಾಯಸಮ್ಮತ ಮತ್ತು ಲಾಭದಾಯಕ ದರ, ಗೊತ್ತುಮಾಡುತ್ತದೆ. 2014-15ರಲ್ಲಿ ಅದು ಕ್ವಿಂಟಲಿಗೆ ₹220 ಇತ್ತು, 2018-19ಕ್ಕೆ ₹275 ಆಯಿತು. ಇಷ್ಟು ದರ ಕಟ್ಟಿಕೊಟ್ಟರೆ ರೈತ ಕಬ್ಬನ್ನೇ ಹಾಕುತ್ತಾನೆ, ಸಕ್ಕರೆ ಉಕ್ಕುತ್ತದೆ, ಉಕ್ಕಿದ್ದನ್ನು ಭಾರತ ಸಹಾಯಧನ ಕೊಟ್ಟು ಹೊರದೇಶಕ್ಕೆ ತಳ್ಳುತ್ತದೆ, ಅದರಿಂದ ಜಗತ್ತಿನ ಪೇಟೆ ಬಿದ್ದು ನಮ್ಮ ರೈತರು ಕೆಡುತ್ತಾರೆ ಎಂಬುದು ಆ ಮೂರು ದೇಶಗಳ ತಕರಾರು. ನಿಯಮದ ಪ್ರಕಾರ ಇಂಥ ಬೆಂಬಲ ಒಟ್ಟು ಬೆಳೆಯ ಬೆಲೆಯ ಶೇ 10ನ್ನು ಮೀರಬಾರದು. ಐದು ಹಂಗಾಮುಗಳ ಲೆಕ್ಕ ತೆಗೆದು, ಭಾರತ ಆ ಗೆರೆಯನ್ನು ಬಹಳ ದೂರ ದಾಟಿದೆ ಎಂದರು.

ಭಾರತದ ವಕೀಲರು ಕೊಟ್ಟ ಉತ್ತರವನ್ನು ನಮ್ಮ ಕಡೆಯ ಯಾವ ರೈತನಾದರೂ ಕೇಳಿದ್ದರೆ ಕುಳಿತಲ್ಲಿಂದಲೇ ಹೌದು ಹೌದು ಎಂದು ತಲೆಯಾಡಿಸುತ್ತಿದ್ದ. ‘ಸ್ವಾಮೀ, ಈ ದರವನ್ನು ಕೊಡುವುದು ಸರ್ಕಾರವಲ್ಲ, ಕಾರ್ಖಾನೆ. ಸರ್ಕಾರದ ಬೊಕ್ಕಸದಿಂದ ಇದಕ್ಕೆ ಹಣ ಹೋಗುವುದಿಲ್ಲ. ಹಾಗಿರುವಾಗ ಇದನ್ನು ಸರ್ಕಾರದ ಬೆಂಬಲ ಎನ್ನುವುದು ಹೇಗೆ?’ ಎಂಬುದು ಆ ವಾದದ ತಿರುಳು. ಸರ್ಕಾರ ಕೊಡುವುದಿಲ್ಲ ಎಂಬುದು ಹುನ್ನೂರಿಗೆ ಗೊತ್ತಿಲ್ಲದ ಸಂಗತಿಯೇ? ಕಾರ್ಖಾನೆಯೂ ಬೇಗ ಕೊಡುವುದಿಲ್ಲ ಎಂಬುದನ್ನು ಮಾತ್ರ ವಕೀಲರು ಸೇರಿಸಲಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶದಲ್ಲಿ, ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ಶೇ 15ರ ಬಡ್ಡಿ ಕೊಡಬೇಕು ಎಂದಿದೆ. ಆ ಬಡ್ಡಿಯನ್ನು ಕೈಯಾರೆ ಎಣಿಸಿಕೊಂಡವರನ್ನು ನಾನಂತೂ ಕಂಡಿಲ್ಲ.

ವ್ಯಾಜ್ಯ ಸಮಿತಿ ಭಾರತದ ವಾದವನ್ನು ಒಪ್ಪಲಿಲ್ಲ. ಹಣ ಯಾರ ಕಿಸೆಯಿಂದ ಬರುತ್ತದೆ ಎಂಬುದು ಮುಖ್ಯವಲ್ಲ, ದರ ಕಟ್ಟುವುದು ಸರ್ಕಾರ ತಾನೇ, ಅಷ್ಟಾದರೆ ಬೆಂಬಲವಾದಂತೆಯೇ ಎಂದಿತು. ಭಾರತ ಸೋತಿತು. ಸೋತ ಮೇಲೆ ಮೇಲ್ಮನವಿ ಹಾಕಿತು. ಅಲ್ಲಿದೆ ಸ್ವಾರಸ್ಯ. ಮೇಲ್ಮನವಿ ಕೇಳಬೇಕಾದ ಪೀಠದಲ್ಲಿ 2019ರ ಡಿಸೆಂಬರಿನಿಂದ ಪ್ರಕರಣ ಕೇಳುವಷ್ಟು ಸದಸ್ಯರೇ ಇಲ್ಲ. ಹೊಸಬರ ನೇಮಕಕ್ಕೆ ಅಮೆರಿಕ ಅಡ್ಡಗಾಲು ಹಾಕಿತ್ತು. ನ್ಯಾಯಾಧೀಶರಿಲ್ಲದ ಕೋರ್ಟಿಗೆ ಕಾಗದ ಹಾಕಿ ಭಾರತ ಮನೆಗೆ ಬಂತು. ತೀರ್ಪು ಜಾರಿಗೆ ಬರಲಿಲ್ಲ. ದೇಶ ದೊಡ್ಡದಾದರೆ ಇಂಥ ಅನುಕೂಲಗಳಿರುತ್ತವೆ. ಅಮೆರಿಕ ಕಟ್ಟಿದ ಅಡ್ಡಗೋಡೆಯ ನೆರಳಲ್ಲಿ ನಾವೂ ಕೂತೆವು ಎಂದು ಬಾಯಿಬಿಟ್ಟು ಹೇಳಲು ದೆಹಲಿಗೆ ಮುಜುಗರವಾಗಬಹುದು, ಅಷ್ಟೇ.

ಇನ್ನು ಫಿರ್ಯಾದಿಗಳ ವರ್ತನೆ ನೋಡಿ. ಬ್ರೆಜಿಲ್ ಕೇಸು ಹೂಡಿದ್ದು 2019ರ ಫೆಬ್ರುವರಿಯಲ್ಲಿ. ಮರುವರ್ಷದ ಜನವರಿ 26ಕ್ಕೆ ಅದೇ ಬ್ರೆಜಿಲಿನ ಅಧ್ಯಕ್ಷ ಬೊಲ್ಸೊನಾರೊ ದೆಹಲಿಯ ಗಣರಾಜ್ಯೋತ್ಸವದ ಮುಖ್ಯ ಅತಿಥಿ. ಕಬ್ಬು ಬೆಳೆಗಾರರ ಸಂಘಟನೆಗಳು ಸಿಟ್ಟಾದವು. ನಮ್ಮ ಮೇಲೆ ಕೇಸು ಹಾಕಿದವನಿಗೆ ಕೆಂಪು ಹಾಸೇ ಎಂದು ಕೇಳಿದವು. ಅತಿಥಿ ಬಂದರು, ಮೆರವಣಿಗೆ ನೋಡಿದರು, ಎಥೆನಾಲ್ ಮುಂತಾದ ಜೈವಿಕ ಇಂಧನಗಳ ಬಗ್ಗೆ ಒಪ್ಪಂದವೂ ಆಯಿತು. 2023ರ ಸೆಪ್ಟೆಂಬರಿನ ಜಿ-20 ಸಭೆಯಲ್ಲಿ ಭಾರತ, ಬ್ರೆಜಿಲ್, ಅಮೆರಿಕ ಜೊತೆಯಾಗಿ ಜಾಗತಿಕ ಜೈವಿಕ ಇಂಧನ ಒಕ್ಕೂಟ ಕಟ್ಟಿದವು. ಆಸ್ಟ್ರೇಲಿಯಾದ್ದು ಇನ್ನೂ ಚುರುಕು. ಜಿನೀವಾದಲ್ಲಿ ಗೆದ್ದು ನಾಲ್ಕು ತಿಂಗಳಾಗುವ ಮೊದಲೇ, 2022ರ ಏಪ್ರಿಲ್ 2ರಂದು, ಭಾರತದ ಜೊತೆ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿತು. ಆ ಒಪ್ಪಂದದಲ್ಲಿ ಭಾರತ ಸುಂಕ ಇಳಿಸಲೊಲ್ಲದ ವಸ್ತುಗಳ ಪಟ್ಟಿಯಲ್ಲಿ ಸಕ್ಕರೆಯೂ ಇತ್ತು. ಆಸ್ಟ್ರೇಲಿಯಾ ಒಪ್ಪಿಕೊಂಡಿತು.

ಬದುವಿನ ಜಗಳಕ್ಕೆ ಜಮಖಂಡಿ ಕೋರ್ಟಿಗೆ ಹೋಗುವ ಅಣ್ಣತಮ್ಮಂದಿರು ಒಂದೇ ಬಸ್ಸಿನಲ್ಲಿ ಹೋಗಿ, ತಾರೀಖು ಮುಂದೆ ಬಿದ್ದ ಮೇಲೆ ಒಂದೇ ಅಂಗಡಿಯಲ್ಲಿ ಚಹಾ ಕುಡಿದು ಬರುವುದುಂಟು. ಹೆಚ್ಚುಕಡಿಮೆ ಅದೇ ನಡಾವಳಿ. ಕೇಸೂ ಬೇಕು, ಸಂಬಂಧವೂ ಬೇಕು.

ಸಣ್ಣ ದೇಶಗಳಿಗೆ ಈ ಸವಲತ್ತಿಲ್ಲ. ಮಲೇಷ್ಯಾ ಪಟ್ಟ ಪಾಡು ನನಗೆ ಮೇಲಿಂದ ಮೇಲೆ ನೆನಪಾಗುತ್ತದೆ. 2019ರ ಕೊನೆಯಲ್ಲಿ ಪ್ರಧಾನಿ ಮಹಾತಿರ್ ಮೊಹಮದ್ ಕಾಶ್ಮೀರದ ಬಗ್ಗೆ, ಪೌರತ್ವ ಕಾಯ್ದೆಯ ಬಗ್ಗೆ ಕಟುವಾಗಿ ಆಡಿದರು. ಜನವರಿಯಲ್ಲಿ ಭಾರತ ಶುದ್ಧೀಕರಿಸಿದ ತಾಳೆಎಣ್ಣೆಯ ಆಮದಿಗೆ ಕಡಿವಾಣ ಹಾಕಿತು. ಆದೇಶದಲ್ಲಿ ಮಲೇಷ್ಯಾದ ಹೆಸರಿರಲಿಲ್ಲ. ಹೆಸರು ಬರೆಯುವ ಅಗತ್ಯವೂ ಇರಲಿಲ್ಲ. ನಾವು ಚಿಕ್ಕವರು, ಎದುರೇಟು ಕೊಡಲಾರೆವು ಎಂದು ಮಹಾತಿರ್ ಅವರೇ ಒಪ್ಪಿಕೊಂಡರು. ಅದೇ ತಿಂಗಳು ಅಲ್ಲಿನ ದೊಡ್ಡ ಸಕ್ಕರೆ ಶುದ್ಧೀಕರಣ ಕಂಪನಿ ಎಂಎಸ್‌ಎಂ, ಭಾರತದಿಂದ 1.30 ಲಕ್ಷ ಟನ್ ಕಚ್ಚಾ ಸಕ್ಕರೆಯನ್ನು ಮೂರೇ ತಿಂಗಳಲ್ಲಿ ಕೊಳ್ಳುವುದಾಗಿ ಹೇಳಿತು. ಹಿಂದಿನ ಇಡೀ ವರ್ಷ ಕೊಂಡದ್ದಕ್ಕಿಂತ ಅದು ಹೆಚ್ಚು. ಆ ಕಂಪನಿಯ ಹಿಂದಿರುವುದು ಎಫ್‌ಜಿವಿ ಎಂಬ ತಾಳೆಎಣ್ಣೆಯ ದೊಡ್ಡ ಕುಳ. ಎಣ್ಣೆಯ ಮುನಿಸನ್ನು ಸಕ್ಕರೆಯಿಂದ ತೀರಿಸುವ ಉಪಾಯ ಎಂದು ಪೇಟೆಯವರೆಲ್ಲ ಅರ್ಥಮಾಡಿಕೊಂಡರು. ಪ್ರಧಾನಿ ಆಡಿದ ಮಾತಿಗೆ ಕಂಪನಿ ತಪ್ಪುಕಾಣಿಕೆ ಹಾಕಿತು ಎನ್ನಿ. ರಾಯಭಾರಿಗಳು ಮಾಡಬೇಕಾದ ಕೆಲಸವನ್ನು ಖರೀದಿ ವಿಭಾಗ ಮಾಡಿತು.

ಇಂಡೋನೇಷ್ಯಾ ಇನ್ನೂ ಜಾಣತನ ತೋರಿಸಿತು. ಅದರ ಕತೆ ಸಕ್ಕರೆಯ ಬಣ್ಣದ್ದು. ಸಕ್ಕರೆ ಎಷ್ಟು ಕಂದು ಎಂಬುದನ್ನು ಅಳೆಯಲು ‘ಇಕುಮ್ಸಾ’ ಎಂಬ ಮಾನವಿದೆ. ಅಂಕಿ ಹೆಚ್ಚಿದಷ್ಟೂ ಬಣ್ಣ ಗಾಢ. ಕಚ್ಚಾ ಸಕ್ಕರೆ ಎಂದು ತರುವುದು 1200ಕ್ಕಿಂತ ಕಡಿಮೆ ಇರಕೂಡದು ಎಂಬುದು ಇಂಡೋನೇಷ್ಯಾದ ನಿಯಮವಾಗಿತ್ತು. ಬೆಳ್ಳಗಿನದು ಬಂದರೆ ಶುದ್ಧೀಕರಣಕ್ಕೆ ಹೋಗದೆ ನೇರ ಅಂಗಡಿಗೆ ನುಗ್ಗೀತು ಎಂಬ ಅಂಜಿಕೆ. ನಮ್ಮ ಕಾರ್ಖಾನೆಗಳು ಊರ ಪೇಟೆಗೆ ಬಿಳಿ ಸಕ್ಕರೆ ತೆಗೆದು ಪಳಗಿದಂಥವು. ಕಚ್ಚಾ ಸಕ್ಕರೆ ಮಾಡಿದರೂ ಅದು ಅವರು ಕೇಳಿದಷ್ಟು ಕಂದಾಗುತ್ತಿರಲಿಲ್ಲ. ಅಂದರೆ ನಮ್ಮ ಮಾಲು ತೀರಾ ಚೆನ್ನಾಗಿದೆ ಎಂಬ ಕಾರಣಕ್ಕೆ ಬಾಗಿಲು ಮುಚ್ಚಿತ್ತು! ಇತ್ತ ಇಂಡೋನೇಷ್ಯಾಕ್ಕೆ ತನ್ನ ತಾಳೆಎಣ್ಣೆ ಭಾರತದಲ್ಲಿ ಸಲೀಸಾಗಿ ಇಳಿಯಬೇಕಿತ್ತು. ಎರಡೂ ಕಡೆಯ ಅಧಿಕಾರಿಗಳು, ವ್ಯಾಪಾರಿಗಳು ಕೂತರು. ಭಾರತ ಎಣ್ಣೆಯ ಸುಂಕದಲ್ಲಿ ಸಡಿಲ ಬಿಟ್ಟಿತು. ಇಂಡೋನೇಷ್ಯಾ ಬಣ್ಣದ ಮಿತಿಯನ್ನು 600ಕ್ಕೆ ಇಳಿಸಿ, ಆಸ್ಟ್ರೇಲಿಯಾ, ಥಾಯ್ಲೆಂಡ್‌ಗಳಿಗೆ ಕೊಡುತ್ತಿದ್ದ ಶೇ 5ರ ಸುಂಕವನ್ನೇ ಭಾರತಕ್ಕೂ ಕೊಟ್ಟಿತು. ನೋಡನೋಡುತ್ತ ನಮ್ಮ ಸಕ್ಕರೆಯ ದೊಡ್ಡ ಗಿರಾಕಿಯಾಯಿತು. ರಫ್ತಿಗೆ ಹೋಗುವ ಸಕ್ಕರೆಯಲ್ಲಿ ದೊಡ್ಡ ಪಾಲು ಬಂದರಿಗೆ ಹತ್ತಿರವಿರುವ ಮಹಾರಾಷ್ಟ್ರ, ಕರ್ನಾಟಕಗಳದ್ದು. ಕಾರ್ಖಾನೆಯ ಕೆಲಸಗಾರರಿಗೆ ಈ ಬಾರಿ ‘ರಾ’ (ಕಚ್ಚಾ ಸಕ್ಕರೆ) ಮಾಡಬೇಕು ಎಂಬ ಸೂಚನೆ ಬಂದಾಗ ಅದರ ಹಿಂದೆ ಜಕಾರ್ತಾದ ಎಣ್ಣೆಯ ಚೌಕಾಸಿ ಇದ್ದೀತೆಂದು ಯಾರು ಊಹಿಸಬೇಕು?

ಈ ಸೀಮೆಗೆ ದೊಡ್ಡ ಶಕ್ತಿಗಳ ಜೊತೆ ಒಡನಾಡುವುದು ಹೊಸದಲ್ಲ. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು, ರಬಕವಿ-ತೇರದಾಳ ಸಾಂಗಲಿಗೆ ಸೇರಿದ್ದು. ಹತ್ತಾರು ಮೈಲಿಯೊಳಗೆ ಮೂರು ಸಂಸ್ಥಾನಗಳ ಗಡಿ. 1818ರಲ್ಲಿ ಪೇಶ್ವೆಯ ಆಡಳಿತ ಮುಗಿದ ಮೇಲೆ ಈ ದೊರೆಗಳೆಲ್ಲ ಅಂದಿನ ಏಳುತ್ತಿದ್ದ ಶಕ್ತಿಯಾದ ಕಂಪನಿ ಸರ್ಕಾರದ ಜೊತೆ ಹೊಂದಿಕೊಂಡೇ ಗಾದಿ ಉಳಿಸಿಕೊಂಡರು. ಮುಧೋಳದ ಮಾಲೋಜಿರಾವ್ ಘೋರ್ಪಡೆ ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಬೇಟೆನಾಯಿಯ ಜೋಡಿ ಮರಿಗಳನ್ನು ಕಾಣಿಕೆ ಕೊಟ್ಟದ್ದು ಎಲ್ಲರಿಗೂ ಗೊತ್ತು. ಕಾಣಿಕೆಯ ನಾಯಿಗಳು ಹೆಸರು ಮಾಡಿದವು.

ಈಗಿನ ದೊರೆಗಳು ಸಕ್ಕರೆಯವರು. ಮಹಾಲಿಂಗಪುರದ ಬಳಿಯ ಸಮೀರವಾಡಿಯಲ್ಲಿ ಸೋಮಯ್ಯ ಮನೆತನದ ಗೋದಾವರಿ ಕಾರ್ಖಾನೆ ಐದು ದಶಕಗಳಿಂದ ಹೊಗೆಯಾಡುತ್ತಿದೆ. ಮುಂಬೈನವರಾದರೂ ಇಲ್ಲಿಯ ಕಬ್ಬನ್ನೇ ನಂಬಿದವರು. ಹೆಸರಿನಲ್ಲಿದ್ದ ‘ಶುಗರ್ ಮಿಲ್ಸ್’ ಹೋಗಿ ‘ಬಯೋರಿಫೈನರೀಸ್’ ಆಗಿದೆ, 2024ರ ಅಕ್ಟೋಬರಿನಲ್ಲಿ ಷೇರುಪೇಟೆಗೂ ಬಂತು. ಮರುವರ್ಷ ನಿರಾಣಿ ಮನೆತನದ ಎಥೆನಾಲ್ ಕಂಪನಿ ಟ್ರೂಆಲ್ಟ್ ಬಂತು. ಬೀಳಗಿಯ ಮುರುಗೇಶ ನಿರಾಣಿಯವರು ಉದ್ಯಮಿಯೂ ಹೌದು, ಮಂತ್ರಿಯಾಗಿದ್ದವರೂ ಹೌದು. 2010ರ ಜಾಗತಿಕ ಹೂಡಿಕೆದಾರರ ಸಮಾವೇಶ ನಡೆದಾಗಲೂ 2022ರದ್ದು ನಡೆದಾಗಲೂ ಬೃಹತ್ ಕೈಗಾರಿಕೆ ಖಾತೆ ಅವರ ಬಳಿಯಿತ್ತು. 2025ರ ಫೆಬ್ರುವರಿಯ ಸಮಾವೇಶ ನಡೆಸಿದ ಎಂ.ಬಿ. ಪಾಟೀಲರು ಕೃಷ್ಣೆಯ ಆಚೆ ದಂಡೆಯ ವಿಜಯಪುರದವರು, ₹10.27 ಲಕ್ಷ ಕೋಟಿಯ ಹೂಡಿಕೆಯ ಲೆಕ್ಕವನ್ನು ಸರ್ಕಾರ ಕೊಟ್ಟಿತು. ಲೋಕದ ಕಂಪನಿಗಳನ್ನು ಕರೆಯುವ ಕೆಲಸ ನಮ್ಮ ನದಿಯ ಎರಡು ದಂಡೆಯವರ ಕೈಗೆ ಮತ್ತೆ ಮತ್ತೆ ಬಂದಿದೆ ಎಂದು ಹೆಮ್ಮೆಪಡೋಣ. ಇಂಥ ಲೆಕ್ಕಗಳನ್ನು ಓದುವಾಗ ಮಾತ್ರ ಗದಗ ನೆನಪಿರಲಿ. 2010ರ ಭರಾಟೆಯಲ್ಲಿ ಬಂದ ಕೊರಿಯಾದ ಪೋಸ್ಕೊ, ಹಳ್ಳಿಗುಡಿಯ ಹೊಲಗಳಿಗೆ ಕೈಹಾಕಿ, ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳತ್ವದಲ್ಲಿ ರೈತರು ಎದ್ದು ನಿಂತಾಗ ಹಿಂದೆ ಸರಿದು, 2013ರಲ್ಲಿ ಯೋಜನೆಯನ್ನೇ ಕೈಬಿಟ್ಟಿತು. ಸಹಿ ಮಾಡುವವರ ಜೊತೆ ಮಾತಾಡಿದ ಕಂಪನಿ ಹೊಲದವರ ಜೊತೆ ಮಾತಾಡಿರಲಿಲ್ಲ.

ಹೊಲದವರನ್ನು ಬಿಟ್ಟು ಮಾತಾಡುವ ಚಾಳಿ ಹೊರಗಿನವರದ್ದಷ್ಟೇ ಅಲ್ಲ. ಸಕ್ಕರೆಯಲ್ಲಿ ಭಾರತದ ಬಲವೆಂದರೆ ಮುಖ್ಯವಾಗಿ ನಲ್ಲಿ ತಿರುಗಿಸುವ ಬಲ. 2021-22ರಲ್ಲಿ ನೂರು ಲಕ್ಷ ಟನ್ನಿಗೂ ಮಿಕ್ಕಿ ಸಕ್ಕರೆ ಹೊರಗೆ ಹೋಯಿತು, ಅದೂ ಸಹಾಯಧನವಿಲ್ಲದೆ. ಜೂನ್ 1ರಿಂದ ದೆಹಲಿ ಮಿತಿ ಹಾಕಿತು. ಮುಂದಿನ ಹಂಗಾಮಿಗೆ ಅದನ್ನು ಸುಮಾರು 60 ಲಕ್ಷಕ್ಕೆ ಇಳಿಸಿತು. 2023-24ಕ್ಕೆ ಪೂರ್ತಿ ಬಂದ್. ಜಗತ್ತಿನ ಪೇಟೆ ಇದಕ್ಕೆ ಹೇಗೆ ಸ್ಪಂದಿಸಿತು ಗೊತ್ತೇ? 2023ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಕಚ್ಚಾ ಸಕ್ಕರೆ ಪೌಂಡಿಗೆ 28 ಸೆಂಟ್ ಮುಟ್ಟಿತು. ಹನ್ನೆರಡು ವರ್ಷಗಳಲ್ಲೇ ಅಂಥ ದರ ಬಂದಿರಲಿಲ್ಲ. ನಾವು ಬಾಗಿಲು ಹಾಕಿದ್ದರಿಂದಲೇ ಏರಿದ ದರ ನಮಗೆ ಮಾತ್ರ ಸಿಗಲಿಲ್ಲ. ಬ್ರೆಜಿಲ್ ಮಾರಿಕೊಂಡಿತು. ಕೇಸು ಹಾಕಿ ದಕ್ಕದ ಲಾಭವನ್ನು ನಾವೇ ಅದರ ಉಡಿಗೆ ಹಾಕಿದೆವು. ಆಮೇಲೆ 2025ರ ಜನವರಿಯಲ್ಲಿ 10 ಲಕ್ಷ ಟನ್ನಿಗೆ ಅನುಮತಿ ಬಂತು. ನವೆಂಬರಿನಲ್ಲಿ 15 ಲಕ್ಷಕ್ಕೆ ಬಂತು, ಆ ಹೊತ್ತಿಗೆ ಪೇಟೆ ಐದು ವರ್ಷಗಳ ತಳ ಕಂಡಿತ್ತು. ದರ ಇದ್ದಾಗ ಬೀಗ, ಬಿದ್ದಾಗ ಕೀಲಿಕೈ.

ಎಥೆನಾಲಿನಲ್ಲೂ ಇದೇ ಕಣ್ಣಾಮುಚ್ಚಾಲೆ. ಪೆಟ್ರೋಲಿಗೆ ಶೇ 20 ಬೆರೆಸುವ ಗುರಿಯನ್ನು 2030ರಿಂದ 2025ಕ್ಕೆ ಎಳೆದುಕೊಂಡು, ಡಿಸ್ಟಿಲರಿ ಕಟ್ಟಿರಿ, ಸಾಲಕ್ಕೆ ಬಡ್ಡಿ ರಿಯಾಯಿತಿ ಕೊಡುತ್ತೇವೆ ಎಂದದ್ದು ಕೇಂದ್ರವೇ. ಕಾರ್ಖಾನೆಗಳು ಕಟ್ಟಿದವು. 2023ರ ಡಿಸೆಂಬರ್ 7ರಂದು, ಹಂಗಾಮು ನಡೆದಿರುವಾಗಲೇ, ಕಬ್ಬಿನ ಹಾಲಿನಿಂದ ಎಥೆನಾಲ್ ತೆಗೆಯಕೂಡದು ಎಂದು ಆದೇಶ ಬಂತು. ಹತ್ತೇ ದಿನದಲ್ಲಿ ಅರ್ಧ ಸಡಿಲಾಯಿತು: 17 ಲಕ್ಷ ಟನ್ ಸಕ್ಕರೆಯಷ್ಟನ್ನು ಬಳಸಬಹುದು. ಅದೂ ಆಮೇಲೆ ಸಡಿಲಾಯಿತು. ಕಬ್ಬಿಗಿಂತ ಗೋವಿನಜೋಳದಿಂದ ಬರುವ ಎಥೆನಾಲ್ ಈಗ ಹೆಚ್ಚು. ಅಷ್ಟರಲ್ಲಿ ಅಮೆರಿಕ ಬಂದು ತನ್ನ ಗೋವಿನಜೋಳ, ತನ್ನ ಎಥೆನಾಲ್ ಕೊಳ್ಳಿ ಎಂದು ಪಟ್ಟು ಹಿಡಿದಿದೆ. ವಾಷಿಂಗ್ಟನ್ನಿನ ವ್ಯಾಪಾರ ನಿಯೋಗದ ಎದುರು ದೆಹಲಿ ಏನು ಬಿಟ್ಟುಕೊಟ್ಟೀತು ಎಂಬುದು ಜಮಖಂಡಿ ಎಪಿಎಂಸಿಯ ಗೋವಿನಜೋಳದ ರಾಶಿಗೂ ತಾಗುವ ಮಾತು.

2025ರ ಅಕ್ಟೋಬರ್ ಕೊನೆಗೆ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಕೂತದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಟನ್ನಿಗೆ ₹3,500 ಎಂಬುದು ಬೇಡಿಕೆ. ಬೆಂಗಳೂರಿನ ಗೆಳೆಯರೊಬ್ಬರು ಕೇಳಿದರು: ಎಫ್‌ಆರ್‌ಪಿ ₹3,550 ಇದೆಯಲ್ಲ, ಕಡಿಮೆ ಕೇಳಲು ಮುಷ್ಕರವೇಕೆ? ಅಲ್ಲೇ ಇರುವುದು ಗುಟ್ಟು. ಆ ₹3,550 ಶೇ 10.25 ಸಕ್ಕರೆ ಇಳುವರಿಯ ಕಬ್ಬಿಗೆ, ಕಾರ್ಖಾನೆಯ ಬಾಗಿಲಲ್ಲಿ. ಕಟಾವು ಮತ್ತು ಸಾಗಾಣಿಕೆಯ ಖರ್ಚೆಂದು ಟನ್ನಿಗೆ ನೂರಾರು ರೂಪಾಯಿ ಅದರಿಂದಲೇ ಕಡಿಯುತ್ತಾರೆ. ಇಳುವರಿ ಎಷ್ಟು ಎಂದು ನೋಡುವುದು ಕಾರ್ಖಾನೆಯ ಪ್ರಯೋಗಾಲಯ. ತೂಕವೂ ಬಹುತೇಕ ಅದರದ್ದೇ ಕಾಟಾದಲ್ಲಿ. ಗ್ಯಾಂಗಿನವರು ಕಡಿದು, ರವದಿ ಸುಲಿದು, ಹೇರಿದ ಕಬ್ಬು ಯಾರ್ಡಿನ ಸರದಿಯಲ್ಲಿ ಬಿಸಿಲಿಗೆ ನಿಂತಷ್ಟೂ ಒಣಗುತ್ತದೆ. ಒಣಗಿದ ತೂಕ ರೈತನದ್ದು. ಆದ್ದರಿಂದಲೇ ಎಲ್ಲ ಕಡಿತ ಮುಗಿದು ಕೈಗೆಷ್ಟು ಎಂದು ಕೇಳಿದರು.

ಕಾರ್ಖಾನೆಯವರ ಲೆಕ್ಕವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಎಫ್‌ಆರ್‌ಪಿ ಕ್ವಿಂಟಲಿಗೆ ₹275 ಇದ್ದಾಗ, 2019ರ ಫೆಬ್ರುವರಿಯಲ್ಲಿ, ಸಕ್ಕರೆಯ ಕನಿಷ್ಠ ಮಾರಾಟ ದರವನ್ನು ಕೇಂದ್ರ ಕಿಲೋಗೆ ₹31ಕ್ಕೆ ಕಟ್ಟಿತು. ಎಫ್‌ಆರ್‌ಪಿ ₹355 ಆದಾಗಲೂ ಅದು ₹31. ಕಬ್ಬಿನ ಹಾಲಿನ ಎಥೆನಾಲಿಗೆ ಲೀಟರಿಗೆ ₹65.61 ಎಂದು 2022-23ರಲ್ಲಿ ಕಟ್ಟಿದ್ದೂ ಅಲ್ಲೇ ನಿಂತಿತು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಇದನ್ನೆಲ್ಲ ಹೇಳಿ ಪ್ರಧಾನಿಗೆ ಪತ್ರ ಬರೆದರು. ರಫ್ತಿನ ಮಿತಿ, ಎಥೆನಾಲ್ ಹಂಚಿಕೆ, ಕನಿಷ್ಠ ದರ, ಎಲ್ಲದರ ಕೀಲಿ ದೆಹಲಿಯಲ್ಲಿದೆ ಎಂದರು. ಮಾತು ನಿಜ, ಜೊತೆಗೆ ಅನುಕೂಲಕರವೂ ಹೌದು. ತೂಕದ ಕಾಟಾ, ಇಳುವರಿಯ ಪರೀಕ್ಷೆ, ಬಾಕಿ ವಸೂಲಿ ಇವುಗಳ ಕೀಲಿ ಬೆಂಗಳೂರಿನಲ್ಲೇ ಇದೆ. ನವೆಂಬರ್ 7ರ ಸಭೆಯಲ್ಲಿ ಇಳುವರಿಗೆ ತಕ್ಕಂತೆ ₹3,300ರ ವರೆಗೆ ಎಂದು ತೀರ್ಮಾನವಾಯಿತು. ಗುರ್ಲಾಪುರ ಎದ್ದಿತು. ಮುಧೋಳದ ಕಡೆಯವರು ಒಪ್ಪದೆ ಇನ್ನೂ ಕೆಲವು ದಿನ ಹೋರಾಡಿದರು.

ಮುಧೋಳ-ಜಮಖಂಡಿಯವರ ಈ ಹಟಕ್ಕೆ ಪೂರ್ವಾಪರವಿದೆ. ಕೃಷ್ಣೆ ಎದುರಿಗೇ ಹರಿಯುತ್ತಿದ್ದರೂ ಬೇಸಿಗೆಯಲ್ಲಿ ನೀರು ನಿಲ್ಲದಿದ್ದಾಗ, ಸರ್ಕಾರಕ್ಕೆ ಕಾದು ಸಾಕಾಗಿ, ಚಿಕ್ಕಪಡಸಲಗಿಯಲ್ಲಿ ರೈತರೇ ದುಡ್ಡು ಕೂಡಿಸಿ 1989ರಲ್ಲಿ ಬ್ಯಾರೇಜ್ ಕಟ್ಟಿದರು. ಶ್ರಮಬಿಂದು ಸಾಗರ ಎಂದು ಹೆಸರಿಟ್ಟರು. ಮುಂದಾಳು ಸಿದ್ದು ನ್ಯಾಮಗೌಡರನ್ನು ಜನ ‘ಬ್ಯಾರೇಜ್ ಸಿದ್ದು’ ಎಂದೇ ಕರೆದರು. 1991ರ ಲೋಕಸಭಾ ಚುನಾವಣೆಯಲ್ಲಿ ಅವರು ಸೋಲಿಸಿದ್ದು ರಾಮಕೃಷ್ಣ ಹೆಗಡೆಯವರನ್ನು. ಆಮೇಲೆ ಕೇಂದ್ರದಲ್ಲಿ ಮಂತ್ರಿಯಾದರು, ಸಕ್ಕರೆ ಕಾರ್ಖಾನೆಯನ್ನೂ ಕಟ್ಟಿದರು. ಅಂದು ನೀರಿನ ಲೆಕ್ಕವನ್ನು ರೈತರು ತಾವೇ ಕೂತು ಹಾಕಿದ್ದರು. ಇಂದು ಇಕುಮ್ಸಾ ಎಷ್ಟಿರಬೇಕು, ಎಷ್ಟು ಲಕ್ಷ ಟನ್ ಹೊರಗೆ ಹೋಗಬೇಕು ಎಂದು ಲೆಕ್ಕ ಹಾಕುವ ಮೇಜಿನ ಸುತ್ತ ಕಾರ್ಖಾನೆಗಳ ಒಕ್ಕೂಟವಿದೆ, ವ್ಯಾಪಾರಿಗಳ ಸಂಘವಿದೆ, ನಾಲ್ಕಾರು ಮಂತ್ರಾಲಯಗಳಿವೆ. ಬೆಳೆಗಾರರ ಪರವಾಗಿ ಕೂರುವ ಕುರ್ಚಿ ಖಾಲಿ. ದೆಹಲಿ ಮುಂದಿನ ಬಾರಿ ಬ್ರೆಜಿಲಿನ ಜೊತೆಯೋ ಅಮೆರಿಕದ ಜೊತೆಯೋ ಕೂರುವ ಮೊದಲು ಕರ್ನಾಟಕದ ಸಂಸದರು ಕೇಳಬೇಕಾದ್ದು ಆ ಕುರ್ಚಿಯನ್ನು. ಕೇಂದ್ರದಲ್ಲಿ ಸಕ್ಕರೆಯನ್ನೂ ಎಫ್‌ಆರ್‌ಪಿಯನ್ನೂ ನೋಡಿಕೊಳ್ಳುವ ಆಹಾರ ಖಾತೆ 2024ರ ಜೂನಿನಿಂದ ಪ್ರಲ್ಹಾದ ಜೋಶಿಯವರ ಬಳಿ ಇದೆ. ಅವರು ಧಾರವಾಡದ ಸಂಸದರು.